ದಾವಣಗೆರೆಗೆ ಬಂದ ಹೊರದೇಶದ ಸಂಗೀತಗಾರರ ಕಾರ್ಯಾಗಾರ: ದುಡ್ಡು ಕೊಟ್ಟು ಹೋಗಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಪಿಟೀಲು, ಹಾಡು, ಕೊಳಲು, ಏನೇ ಆಗಲಿ, ಗುರುಗಳ ಹತ್ತಿರ ಮೂರ್ನಾಲ್ಕು ವರ್ಷವಾದರೂ ಕೂತು ಕಲಿತವರು ಈ ಕಾರ್ಯಾಗಾರಕ್ಕೆ ಧೈರ್ಯವಾಗಿ ಹೋಗಬಹುದು. ಈಗಷ್ಟೇ ಸರಳೆ ವರಸೆ ಹಿಡಿದ ಮಕ್ಕಳನ್ನು ಕಳಿಸಬೇಡಿ. ಅವರಿಗೆ ಗೊಂದಲವೇ ಜಾಸ್ತಿ ಆಗುತ್ತದೆ, ನಿಮಗೆ ದುಡ್ಡು ದಂಡ.

ನಡೆದದ್ದು ನಮ್ಮ ಊರಿನದೇ ಒಂದು ಸಂಗೀತ ಶಾಲೆಯಲ್ಲಿ. ಹೇಳಿಕೊಳ್ಳಲು ಕೆಲವು ತಕರಾರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ. ಐದು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ. ಕಲಿಸಲು ಬಂದವರು ಮೂವರು. ನೆದರ್‌ಲ್ಯಾಂಡ್ಸ್‌ನಿಂದ ಒಬ್ಬ ಪಿಟೀಲು ಮೇಡಂ, ಇಟಲಿಯಿಂದ ಒಬ್ಬ ಹಾಡುಗಾರಿಕೆ ಮೇಷ್ಟ್ರು, ಬಲ್ಗೇರಿಯಾದಿಂದ ಗದೂಲ್ಕಾ ಅನ್ನುವ ಕಮಾನಿನ ವಾದ್ಯ ನುಡಿಸುವ ಒಬ್ಬ ಹಿರಿಯರು. ಮೂವರೂ ಅವರವರ ದೇಶದ ಸಂಗೀತ ಶಾಲೆಗಳಲ್ಲಿ ಪಾಠ ಮಾಡುವವರೇ. ಕಛೇರಿ ಕೊಟ್ಟು ಹೋಗುವವರಿಗೂ ದಿನಾ ಮಕ್ಕಳ ಜೊತೆ ಒದ್ದಾಡುವವರಿಗೂ ವ್ಯತ್ಯಾಸ ಇರುತ್ತದೆ. ಅದು ಮೊದಲ ಪಾಠದಲ್ಲೇ ಗೊತ್ತಾಯಿತು.

ಸೀಟು ಎರಡು ತರಹ. ಮೇಷ್ಟ್ರ ಎದುರು ಕೂತು ನುಡಿಸುವ, ಹಾಡುವ ಸೀಟಿಗೆ 4000 ರೂಪಾಯಿ. ಸುಮ್ನೆ ಕೂತು ನೋಡುವ ಸೀಟಿಗೆ 1200. ನಾನು ಪಿಟೀಲಿಗೆ ದೊಡ್ಡ ಸೀಟು ತಗೊಂಡೆ. ಅಕ್ಕನ ಮಗಳು ಹಾಡುಗಾರಿಕೆಗೆ ಸೇರಿದಳು.

ಬೇಜಾರಿನದ್ದನ್ನು ಮೊದಲು ಮುಗಿಸುತ್ತೇನೆ. ಮೊದಲ ದಿನದ ಬೆಳಗು ಪೂರ್ತಿ ಉದ್ಘಾಟನೆಗೆ ಹೋಯಿತು. ದೀಪ ಬೆಳಗಿಸಿದ್ದು ಸರಿ, ಸ್ವಾಗತ ಗೀತೆಯೂ ಸರಿ. ಆದರೆ ಶಾಲು, ಹಾರ, ಪೇಟ, ಆಮೇಲೆ ಒಬ್ಬರಾದ ಮೇಲೆ ಒಬ್ಬರ ಭಾಷಣ. ಸಂಗೀತದ ಬಗ್ಗೆ ಒಂದು ಮಾತೂ ಇಲ್ಲ. ಬಂದ ಮೂವರೂ ಪೇಟ ಸುತ್ತಿಕೊಂಡು ಮರ್ಯಾದೆಯಿಂದ ಕೂತಿದ್ದರು. ಜಗಳೂರು, ಹರಿಹರ, ಹೊನ್ನಾಳಿ ಕಡೆಯಿಂದ ಬೆಳಿಗ್ಗೆ ಬೇಗ ಎದ್ದು ಬಸ್ ಹಿಡಿದು ಬಂದ ಮಕ್ಕಳು ಅಲ್ಲೇ ತೂಕಡಿಸುತ್ತಿದ್ದರು. ದುಡ್ಡು ಕೊಟ್ಟು ಬಂದವರ ಅರ್ಧ ದಿನವನ್ನು ಹೀಗೆ ತಿನ್ನುವುದು ಸರಿಯಲ್ಲ. ಸನ್ಮಾನವನ್ನು ಕೊನೆಯ ಸಂಜೆಗೆ ಇಟ್ಟುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ.

ಎರಡನೇ ತಕರಾರು ಅನುವಾದದ್ದು. ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬ ಹುಡುಗನನ್ನು ನಿಲ್ಲಿಸಿದ್ದರು. ಪಾಪ, ಅವನಿಗೆ ಸಂಗೀತ ಗೊತ್ತಿಲ್ಲ. ಮೇಡಂ ಕಮಾನಿನ ಭಾರದ ಬಗ್ಗೆ ಹೇಳಿದರೆ ಅವನು ಜೋರಾಗಿ ಒತ್ತಿ ಅನ್ನುತ್ತಿದ್ದ. ಅವರು ಹೇಳಿದ್ದು ಅದಕ್ಕೆ ಪೂರ್ತಿ ಉಲ್ಟಾ. ಒತ್ತಬೇಡಿ, ತೋಳಿನ ತೂಕ ತಾನಾಗಿ ತಂತಿಯ ಮೇಲೆ ಇಳಿಯಲಿ ಅಂತ. ಎರಡನೇ ದಿನದಿಂದ ಇಲ್ಲಿನ ಪಿಟೀಲು ಗುರುಗಳೊಬ್ಬರು ತಾವೇ ಎದ್ದು ಬಂದು ಪಕ್ಕ ನಿಂತರು. ಅವರ ಇಂಗ್ಲಿಷ್ ತುಂಡು ತುಂಡು. ಆದರೆ ಮೇಡಂ ಒಂದು ಮಾತು ಹೇಳಿದರೆ ಇವರು ನುಡಿಸಿ ತೋರಿಸಿ, "ಹಿಂಗ್ರೀ, ಮೊಣಕೈ ಹಿಂಗ ಬಿಡ್ರಿ" ಅನ್ನುತ್ತಿದ್ದರು. ಅಷ್ಟೇ ಸಾಕಾಯಿತು. ಇಂಥ ಕಾರ್ಯಾಗಾರ ನಡೆಸುವವರು ಯಾರೇ ಇರಲಿ, ಅನುವಾದಕ್ಕೆ ಮೊದಲ ದಿನವೇ ಒಬ್ಬ ಸಂಗೀತಗಾರರನ್ನು ಇಟ್ಟುಕೊಳ್ಳಿ.

ಈಗ ಪಿಟೀಲಿನ ಪಾಠಕ್ಕೆ ಬರೋಣ. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿ ಕಡೆ ಊರಿ, ಇನ್ನೊಂದು ತುದಿಯನ್ನು ಎದೆಗೆ ಒತ್ತಿ ಹಿಡಿಯುತ್ತೇವೆ. ಅವರು ನಿಂತು ಗಲ್ಲದ ಕೆಳಗೆ ಹಿಡಿಯುತ್ತಾರೆ. ಮೇಡಂ ನಮ್ಮನ್ನು ಎಬ್ಬಿಸಿ ನಿಲ್ಲಿಸುತ್ತಾರೇನೋ ಅನ್ನುವ ಅಳುಕು ಕೆಲವರಿಗೆ ಇತ್ತು. ಹಾಗೆ ಮಾಡಲಿಲ್ಲ. ತಾವೇ ಕೆಳಗೆ ಕೂತು, ನಮ್ಮ ತರಹ ಹಿಡಿದು ನೋಡಿದರು. ಎಡಗೈಗೆ ಪಿಟೀಲು ಹೊರುವ ಕೆಲಸವೇ ಇಲ್ಲ, ಅದಕ್ಕೇ ನಿಮ್ಮ ಬೆರಳು ತಂತಿಯ ಮೇಲೆ ಇಷ್ಟು ಉದ್ದ ಜಾರುತ್ತದೆ ಅಂದರು. ಸ್ವರವನ್ನು ಜಾರಿಸಿ ಅಲುಗಿಸುವ ಗಮಕದ ಗುಟ್ಟು ಅರ್ಧ ಅಲ್ಲಿದೆ. ಅದನ್ನು ಮೊದಲ ಗಂಟೆಯಲ್ಲೇ ಕಂಡುಕೊಂಡರಲ್ಲ, ಅಲ್ಲಿಗೆ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಅವರು ಕೈ ಹಾಕಿದ್ದು ಬಲಗೈಗೆ. ನಮ್ಮ ಕಡೆ ಎಡಗೈಗೆ ಕೊಡುವ ಗಮನವನ್ನು ಬಲಗೈಗೆ ಕೊಡುವವರು ಕಡಿಮೆ. ಇದನ್ನು ಒಪ್ಪಲೇಬೇಕು. ಅವರು ಮಾಡಿಸಿದ ಅಭ್ಯಾಸ ಒಂದೇ. ಖಾಲಿ ತಂತಿಯ ಮೇಲೆ ಒಂದು ಕಮಾನು, ಬುಡದಿಂದ ತುದಿಯ ತನಕ, ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನ. ನಾದ ನಡುಗಬಾರದು, ಸಣ್ಣ ಆಗಬಾರದು. ವರ್ಣ, ಕೀರ್ತನೆ ಎಲ್ಲ ನುಡಿಸುವವರು ಇದರಲ್ಲಿ ಹತ್ತು ಸೆಕೆಂಡಿಗೇ ನಡುಗಿಬಿಟ್ಟರು. ಮೂರನೇ ದಿನದ ಹೊತ್ತಿಗೆ ಕೋಣೆಯಲ್ಲಿದ್ದ ಪಿಟೀಲುಗಳ ದನಿಯೇ ಬೇರೆ ಆಗಿತ್ತು. ಕೀರಲು ಹೋಗಿ ಸ್ವಲ್ಪ ತುಂಬಿಕೊಂಡ ದನಿ. ಇದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೊದಲ ದಿನದ್ದರ ಜೊತೆ ಇಟ್ಟು ಕೇಳಿದೆವು, ಭ್ರಮೆ ಏನಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಇನ್ನೊಂದು ಕೆಲಸ ನಡೆಯಿತು. ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಮೇಡಂ ಎಲ್ಲರ ಪಿಟೀಲನ್ನೂ ಒಂದೊಂದಾಗಿ ಕೈಗೆ ತಗೊಂಡು ನೋಡಿದರು. ನಮ್ಮ ಮಕ್ಕಳ ಕೈಯಲ್ಲಿ ಇರುವುದು ಹೆಚ್ಚಾಗಿ ಚೀನಾದಲ್ಲಿ ತಯಾರಾದ ಕಡಿಮೆ ಬೆಲೆಯ ಪಿಟೀಲು. ಕೆಲವುದರಲ್ಲಿ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಹಿಂದುಮುಂದಾಗಿ ನಿಂತಿತ್ತು. ಕೆಲವುದರಲ್ಲಿ ಅದು ಎಷ್ಟು ಎತ್ತರ ಅಂದರೆ ತಂತಿ ಒತ್ತಲು ಎಳೆ ಬೆರಳಿಗೆ ಆಗುವುದೇ ಇಲ್ಲ. ಇನ್ನೊಂದರಲ್ಲಿ ಒಳಗೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲುವ ಸಣ್ಣ ಮರದ ಕಡ್ಡಿಯೇ ಬಿದ್ದುಹೋಗಿತ್ತು. ಆ ಕಡ್ಡಿ ಇಲ್ಲದಿದ್ದರೆ ದನಿ ಸತ್ತಂತೆ ಆಗುತ್ತದೆ, ಮೇಲಿನ ಹಲಗೆ ಕುಸಿಯುವ ಅಪಾಯವೂ ಇದೆ. ಅವರು ಒಂದು ಬಗ್ಗಿದ ಕಬ್ಬಿಣದ ಕೊಂಡಿ ತಂದಿದ್ದರು. ಪಿಟೀಲಿನ ಮೇಲಿನ ಸೀಳಿನಿಂದ ಅದನ್ನು ತೂರಿಸಿ ಕಡ್ಡಿಯನ್ನು ನಿಲ್ಲಿಸಿದರು. ಆ ಪಿಟೀಲಿನ ಹುಡುಗ ಕಮಾನು ಎಳೆದ, ಅವನಿಗೇ ನಂಬಿಕೆ ಆಗಲಿಲ್ಲ. ತನಗೆ ನುಡಿಸಲು ಬರುವುದಿಲ್ಲ ಅಂತ ಬಯ್ಯಿಸಿಕೊಂಡೇ ಬಂದಿದ್ದನಂತೆ. ಇಂಥ ರಿಪೇರಿಗೆ ನಾವು ಪಿಟೀಲನ್ನು ಬೆಂಗಳೂರಿಗೆ ಕಳಿಸಿ ವಾರಗಟ್ಟಲೆ ಕಾಯುತ್ತೇವೆ. ನನ್ನ ಲೆಕ್ಕದಲ್ಲಿ 4000 ರೂಪಾಯಿಯಲ್ಲಿ ಅರ್ಧ ಅವತ್ತೇ ವಸೂಲಾಯಿತು.

ಪಿಟೀಲು ನಮಗೆ ಬಂದದ್ದೇ ಇಂಥ ಕೊಡುಕೊಳ್ಳುವಿಕೆಯಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯೂರೋಪಿನ ವಾದಕರಿಂದ ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಣ್ಣ ಅಲ್ಲಿನ ಬ್ಯಾಂಡಿನ ಧಾಟಿಗಳಿಗೆ ಶಂಕರಾಭರಣ ರಾಗದಲ್ಲಿ ಸಂಸ್ಕೃತ ಸಾಹಿತ್ಯ ಕಟ್ಟಿದರು, ಅವೇ ನೊಟ್ಟುಸ್ವರಗಳು. ನಮ್ಮ ಮೈಸೂರಿನ ಚೌಡಯ್ಯನವರು ನಾದ ದೊಡ್ಡದಾಗಲಿ ಅಂತ ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಇಲ್ಲಿನ ಗುರುಗಳು ಇದನ್ನೆಲ್ಲ ಹೇಳಿದಾಗ ಮೇಡಂ ಪುಸ್ತಕ ತೆಗೆದು ಬರೆದುಕೊಂಡರು. ಕಲಿಸಲು ಬಂದವರು ಹೀಗೆ ಬರೆದುಕೊಂಡದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ಇನ್ನು ಕೇಳುವ ಪಾಠ. ಐದು ದಿನದಲ್ಲಿ ಅತ್ಯುತ್ತಮ ಪಾಠ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುವುದು. ಎಲ್ಲರೂ ಕೂತುಕೊಳ್ಳಬಹುದಿತ್ತು, 1200 ರೂಪಾಯಿಯವರೂ. ಇಟಲಿಯ ಮೇಷ್ಟ್ರು ಒಂದು ಕೀಬೋರ್ಡ್ ಇಟ್ಟುಕೊಂಡಿದ್ದರು, ಪಕ್ಕದಲ್ಲಿ ಶಾಲೆಯ ಹಳೇ ತಂಬೂರಿ. ಮಿರಜಿನದು, ದೊಡ್ಡ ಕೊಡ. ಗುರುಗಳು ತಂತಿಯ ನಾದ ತುಂಬಿ ಬರಲು ಇಡುವ ಜೀವಾಳದ ದಾರ ಸರಿಮಾಡಿ ಮೀಟುತ್ತಾ ಕೂತರು. ಮೇಷ್ಟ್ರು ಒಬ್ಬ ಹುಡುಗಿಗೆ ಗಾಂಧಾರ, ಅಂದರೆ ಸರಿಗಮದ ಗ, ಹಾಡು ಅಂದರು. ಶಂಕರಾಭರಣದ್ದು, ಅಂತರ ಗಾಂಧಾರ. ಅವಳು ಹಾಡಿ ನಿಂತಳು. ತಂಬೂರಿ ಜೊತೆ ಅದು ಕರಗಿಹೋಯಿತು. ಈಗ ಅದೇ ಗಾಂಧಾರವನ್ನು ಅವರು ಕೀಬೋರ್ಡಿನಲ್ಲಿ ಒತ್ತಿದರು. ಕೋಣೆಯಲ್ಲಿದ್ದ ಎಲ್ಲರ ಮುಖವೂ ಸ್ವಲ್ಪ ಕಿವುಚಿಕೊಂಡಿತು. ಕೀಬೋರ್ಡಿನದ್ದು ಒಂದು ಚೂರು ಮೇಲಿದೆ.

ಯಾಕೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸಿದರು. ಒಂದು ಷಡ್ಜದಿಂದ, ಅಂದರೆ ಸ ಸ್ವರದಿಂದ, ಮೇಲಿನ ಷಡ್ಜಕ್ಕೆ 1200 ಸೆಂಟ್ ಅಂತ ಅಳತೆ. ಕೀಬೋರ್ಡಿನಲ್ಲಿ ಹನ್ನೆರಡು ಮನೆಗೂ ಸಮ ಪಾಲು, ಒಂದೊಂದಕ್ಕೆ 100. ಹಾಗಾಗಿ ಅಲ್ಲಿ ಅಂತರ ಗಾಂಧಾರ ಇರುವುದು 400ರಲ್ಲಿ. ಆದರೆ ತಂತಿಯ ಸಹಜ ನಾದದಲ್ಲಿ ಅದು ಬರುವುದು ಸುಮಾರು 386ರಲ್ಲಿ. ಹದಿನಾಲ್ಕು ಸೆಂಟ್ ಅಂದರೆ ಏನೂ ಅಲ್ಲ ಅನ್ನಿಸಬಹುದು. ತಂಬೂರಿ ಪಕ್ಕ ಕೂತು ಕೇಳಿದವರಿಗೆ ಅದು ದೊಡ್ಡ ದೂರ. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ ಅದರೊಳಗಿಂದಲೇ ಗಾಂಧಾರ ಹುಟ್ಟಿ ಬರುತ್ತದೆ. ನಮ್ಮ ಹಿರಿಯರು ಸ್ವಯಂಭೂ ಗಾಂಧಾರ ಅನ್ನುವುದು ಇದಕ್ಕೇ. ಮೂಲ ನಾದ ಒಂದು ಸಲ ಕಂಪಿಸುವಷ್ಟರಲ್ಲಿ ಅದೇ ತಂತಿಯ ಐದನೇ ಒಂದು ಭಾಗ ಐದು ಸಲ ಕಂಪಿಸುತ್ತದೆ, ಆ ಐದನೆಯದ್ದೇ ಗಾಂಧಾರ. ಗುರುಗಳು ಹೇಳುತ್ತಿದ್ದುದನ್ನು ನಾವು ನಂಬಿ ತಲೆ ಆಡಿಸಿದ್ದೆವು. ಅವತ್ತು ಕಿವಿಗೆ ಕೇಳಿಸಿತು. ಒಮ್ಮೆ ಕೇಳಿದರೆ ಆಮೇಲೆ ಮರೆಯಾಗುವುದಿಲ್ಲ.

ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರು ಎದ್ದು, ಹಾಗಾದರೆ ನಮ್ಮ ಪೆಟ್ಟಿಗೆಯದ್ದು ತಪ್ಪಾ ಅಂತ ಕೇಳಿದರು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದು, ಮೂರು ದಶಕ ಒಳಗೆ ಬಿಟ್ಟುಕೊಳ್ಳದೇ ಇದ್ದದ್ದು ಅವರ ವಯಸ್ಸಿನವರಿಗೆ ಇನ್ನೂ ನೋವಿನ ವಿಷಯ. ಮೇಷ್ಟ್ರು ಒಳ್ಳೆಯ ಉತ್ತರ ಕೊಟ್ಟರು. ಯೂರೋಪಿನ ಹಾಡುಗಾರರಿಗೂ ಇದೇ ಸಮಸ್ಯೆ ಇದೆ, ಪಿಯಾನೋ ಇಲ್ಲದೆ ಹಾಡುವ ಗುಂಪು ತಾನಾಗಿ ಆ ಕೆಳಗಿನ ಗಾಂಧಾರಕ್ಕೆ ಇಳಿಯುತ್ತದೆ, ವಾದ್ಯ ಜೊತೆಗಿರಲಿ ಆದರೆ ಕಿವಿ ಅದಕ್ಕೆ ಒತ್ತೆ ಬೀಳದಿರಲಿ ಅಂತ. ಮೊಬೈಲ್ ಆ್ಯಪಿನಲ್ಲಿ ಶ್ರುತಿ ಹಾಕಿಕೊಂಡು ಅಭ್ಯಾಸ ಮಾಡುವ ನಮ್ಮ ಮಕ್ಕಳು ವಾರಕ್ಕೊಮ್ಮೆಯಾದರೂ ನಿಜವಾದ ತಂಬೂರಿಯ ಪಕ್ಕ ಕೂರಬೇಕು. ಶಾಲೆಗಳಲ್ಲಿ ತಂಬೂರಿ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿರುತ್ತದೆ. ದಯವಿಟ್ಟು ಇಳಿಸಿ.

ಹಾಡುಗಾರಿಕೆ ತರಗತಿ ಬಗ್ಗೆ ಅಕ್ಕನ ಮಗಳು ಹೇಳಿದ್ದನ್ನು, ನಾನು ಕಂಡದ್ದನ್ನು ಸೇರಿಸಿ ಹೇಳುತ್ತೇನೆ. ಅವಳಿಗೆ ಹದಿನೈದು. ಐದೂವರೆ ಮನೆ ಶ್ರುತಿಯಲ್ಲಿ, ಅಂದರೆ ಸಾಕಷ್ಟು ಎತ್ತರದ ಸ ಇಟ್ಟುಕೊಂಡು, ಹಾಡುತ್ತಾಳೆ, ತಾರ ಸ್ಥಾಯಿಗೆ ಹೋದಾಗ ಕುತ್ತಿಗೆಯ ನರ ಉಬ್ಬುತ್ತದೆ. ಮೇಷ್ಟ್ರು ಅವಳನ್ನು ಒಂದೊಂದೇ ಮನೆ ಕೆಳಗೆ ಇಳಿಸಿ ಹಾಡಿಸುತ್ತಾ ನಾಲ್ಕೂವರೆಯಲ್ಲಿ ನಿಲ್ಲಿಸಿದರು. ದನಿ ಬಿಚ್ಚಿಕೊಂಡಿತು. "ಚಿಕ್ಕಮ್ಮ, ಗಂಟಲು ನೋವೇ ಆಗಲಿಲ್ಲ" ಅಂತ ಓಡಿ ಬಂದು ಹೇಳಿದಳು. ಯಾವ ಶ್ರುತಿ ಅಂತ ನಿಮ್ಮ ಗುರುಗಳ ಹತ್ತಿರವೇ ಮಾತಾಡಿ ತೀರ್ಮಾನ ಮಾಡು, ನಾನು ಐದು ದಿನಕ್ಕೆ ಬಂದವನು ಅಂತಲೂ ಹೇಳಿದರಂತೆ. ಆ ಮಾತು ನನಗೆ ಬಹಳ ಹಿಡಿಸಿತು. ದನಿ ಒಡೆಯುವ ವಯಸ್ಸಿನ ಗಂಡು ಹುಡುಗರಿಗೂ ಅವರು ಕೊಟ್ಟ ಸಲಹೆ ಪಾಲಕರು ಕೇಳಬೇಕಾದದ್ದು. ಹಾಡು ನಿಲ್ಲಿಸಬೇಡಿ, ಆರಾಮಾಗಿ ಬರುವಷ್ಟರಲ್ಲಿ ಮಾತ್ರ ಹಾಡಿ, ಸ್ಪರ್ಧೆಗಾಗಿ ಎಳೆದು ಕಿರುಚಬೇಡಿ. ತುಟಿಯನ್ನು ಬುರ್ ಅನ್ನಿಸುತ್ತಾ ಸ್ವರ ಏರಿಸಿ ಇಳಿಸುವ ಅಭ್ಯಾಸಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು, ಆದರೆ ಹತ್ತು ನಿಮಿಷಕ್ಕೆ ಎಲ್ಲರ ಗಂಟಲೂ ಸಡಿಲಾಗಿತ್ತು. ಬೆಳಗಿನ ಜಾವದ ಮಂದ್ರ ಸಾಧನೆಗೆ ಇದು ಬದಲಿ ಅಲ್ಲ. ಅದಕ್ಕೆ ಮೊದಲು ಐದು ನಿಮಿಷ ಮಾಡಿಕೊಳ್ಳಬಹುದು.

ಈ ಮೇಷ್ಟ್ರೇ ಒಂದು ದಿನ ತಮ್ಮ ದೇಶದ ಸಂಗೀತ ಶಾಲೆಗಳು ಹುಟ್ಟಿದ ಕಥೆ ಹೇಳಿದರು. ನೇಪಲ್ಸ್ ನಗರದಲ್ಲಿ ಅನಾಥ ಮಕ್ಕಳಿಗಾಗಿ ನಾಲ್ಕು ಆಶ್ರಯಗಳಿದ್ದವಂತೆ. ಹೊಟ್ಟೆಪಾಡಿಗೆ ಆಗಲಿ ಅಂತ ಅಲ್ಲಿ ಮಕ್ಕಳಿಗೆ ಸಂಗೀತ ಕಲಿಸತೊಡಗಿದರು, ಕ್ರಮೇಣ ಅವೇ ಇಡೀ ಯೂರೋಪಿಗೆ ಹೆಸರಾದವು. ವೆನಿಸ್‌ನಲ್ಲಿ ಅನಾಥ ಹೆಣ್ಣುಮಕ್ಕಳ ಆಶ್ರಯವೊಂದರಲ್ಲಿ 1703ರಿಂದ ಪಿಟೀಲು ಕಲಿಸಿದವರು ವಿವಾಲ್ಡಿ. ಅನುವಾದ ಮುಗಿಯುವುದರೊಳಗೆ ಸಭೆಯಿಂದ ಒಬ್ಬರು "ನಮ್ಮ ಗದಗ ಆಶ್ರಮ!" ಅಂತ ಕೂಗಿದರು. ಎಲ್ಲರಿಗೂ ಮೈ ಜುಮ್ಮೆಂದಿತು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ನಾಟಕ ಕಂಪನಿ ನಡೆಸಿ, ಅನ್ನ ಹಾಕಿ ಸಂಗೀತ ಕೊಟ್ಟರು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರ ತನಕ ಅದನ್ನೇ ಮುಂದುವರಿಸಿದರು. ನಮ್ಮ ಜಿಲ್ಲೆಯಲ್ಲಿ ಪಾಠ ಹೇಳುವ ಎಷ್ಟೋ ಮೇಷ್ಟ್ರುಗಳು ಅಲ್ಲಿ ಕಲಿತು ಬಂದವರು. ಅವತ್ತು ಅಂಥವರೊಬ್ಬರು ಎದ್ದು ನಿಂತು ಆಶ್ರಮದ ದಿನಚರಿ ಹೇಳಿದರು. ಒಬ್ಬ ಹುಡುಗ ಹಾಡುವುದನ್ನು ಇನ್ನೊಬ್ಬ ಕೇಳಿ ಕಲಿಯುವುದು, ಪುಸ್ತಕವೇ ಇಲ್ಲದೆ ನೂರಾರು ಬಂದಿಶ್ ಹಾಡುಗಳು ಬಾಯಿಗೆ ಬರುವುದು. ಇಟಲಿಯವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಅವತ್ತು ತರಗತಿ ಅರ್ಧ ಗಂಟೆ ಮೀರಿತು, ಯಾರೂ ಗಡಿಯಾರ ನೋಡಲಿಲ್ಲ.

ಬಲ್ಗೇರಿಯಾದ ಹಿರಿಯರ ತಾಳದ ಪಾಠವನ್ನೂ ಹೇಳದೆ ಬಿಡಲಾರೆ. ಗದೂಲ್ಕಾ ನೋಡಲು ನಮ್ಮ ಸಾರಂಗಿಯ ದೂರದ ನೆಂಟ. ನೆಟ್ಟಗೆ ಹಿಡಿದು ಕಮಾನಿನಲ್ಲಿ ನುಡಿಸುತ್ತಾರೆ. ಕೆಳಗೆ ತಾವಾಗಿ ಮಿಡಿಯುವ ತರಫ್ ತಂತಿಗಳೂ ಇವೆ. ಅವರ ಊರಿನಲ್ಲಿ ರಚೆನಿತ್ಸಾ ಅನ್ನುವ ಕುಣಿತ ಇದೆ, ಅದು ಏಳು ಮಾತ್ರೆಯದು. ಎರಡು, ಎರಡು, ಮೂರು ಅಂತ ಎಣಿಸುತ್ತಾರೆ. ನಮ್ಮ ಮಿಶ್ರ ಛಾಪು ತಾಳ ತಕಿಟ ತಕಧಿಮಿ, ಅಂದರೆ ಮೂರು, ಆಮೇಲೆ ಎರಡು, ಎರಡು. ಹಿಂದೂಸ್ತಾನಿಯವರ ರೂಪಕ್ ತಾಳವೂ ಹಾಗೆಯೇ. ಅರ್ಧ ಜನ ಅವರ ಎಣಿಕೆ, ಅರ್ಧ ಜನ ನಮ್ಮ ಎಣಿಕೆ ಚಪ್ಪಾಳೆ ತಟ್ಟಿ ಅಂದರು. ಮೊದಲು ಸಂತೆಯಾಯಿತು. ಆಮೇಲೆ ಮೃದಂಗದ ಹುಡುಗನೊಬ್ಬ ಅವರ ಐದನೇ ಏಟಿನಲ್ಲಿ ತನ್ನ ಸಮ, ಅಂದರೆ ತಾಳದ ಮೊದಲ ಏಟು, ಹಿಡಿದ. ಎರಡೂ ಬೆಸೆದುಕೊಂಡವು! ಒಂದೇ ಚಕ್ರ, ಹತ್ತುವ ಜಾಗ ಮಾತ್ರ ಬೇರೆ. ಆ ಹಿರಿಯರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರಿಗೆ ಅನುವಾದದವರೇ ಬೇಕಾಗಲಿಲ್ಲ.

ಕೊನೆಯ ಸಂಜೆಯ ಕಛೇರಿ ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮೈಕು, ಸ್ಪೀಕರು ವಿಪರೀತ ಜೋರು. ಐದು ದಿನ ಬಳಸಿ ಬೆಳೆಸಿದ ಆ ತುಂಬಿದ ದನಿ ಎಲ್ಲ ಸ್ಪೀಕರಿನಲ್ಲಿ ಒಡೆದುಹೋಯಿತು. ಮೋಹನ ರಾಗದಲ್ಲಿ ಒಂದು ಸಣ್ಣ ರಚನೆ ಕಟ್ಟಿದ್ದರು, ಒಂದು ಗುಂಪು ಷಡ್ಜ ಹಿಡಿದಿರುವಾಗ ಇನ್ನೊಂದು ಪಂಚಮ ಹಿಡಿದು ಮೇಲೆ ಪಿಟೀಲು ನಡೆಯುವಂಥದ್ದು. ಹಿಂದಿನ ದಿನ ಕರೆಂಟು ಹೋದಾಗ ಕೋಣೆಯಲ್ಲಿ ಹಾಗೇ ನುಡಿಸಿದ್ದೆವು, ಫ್ಯಾನೂ ನಿಂತಿತ್ತು. ಅದು ನಿಜವಾದ ಕಛೇರಿ ಅನ್ನಿಸಿತ್ತು ನನಗೆ. ನೂರು ಜನ ಕೂರುವ ಕೋಣೆಗೆ ಮೈಕು ಬೇಕೇ ಬೇಕಾ? ಆಯೋಜಕರು ಯೋಚಿಸಲಿ.

ಊಟ ಚೆನ್ನಾಗಿತ್ತು, ರೊಟ್ಟಿ, ಪಲ್ಯ, ಅನ್ನ ಸಾರು, ಯಾವ ಆಡಂಬರವೂ ಇಲ್ಲ. ಬಂದವರನ್ನು ಒಂದು ಬೆಳಿಗ್ಗೆ ಬೆಣ್ಣೆ ದೋಸೆಗೆ, ಒಂದು ಸಂಜೆ ಮಂಡಕ್ಕಿ ಮೆಣಸಿನಕಾಯಿಗೆ ಕರೆದುಕೊಂಡು ಹೋದೆವು. ಎಣ್ಣೆ ಕೈಯಲ್ಲಿ ಕಮಾನಿನ ಕೂದಲು ಮುಟ್ಟಿದರೆ ಅದಕ್ಕೆ ಹಚ್ಚುವ ರೋಸಿನ್ ರಾಳ ಹಿಡಿಯುವುದಿಲ್ಲ ಅಂತ ಮೇಡಂ ಎಲ್ಲರ ಕೈಯನ್ನೂ ಸೋಪು ಹಾಕಿ ತೊಳೆಸಿದರು.

ಮುಂದಿನ ಸಲ ಹೋಗುವವರಿಗೆ ನಾಲ್ಕು ಮಾತು. ಪಿಟೀಲಿನವರು, ಹಾಡುವವರು ದೊಡ್ಡ ಸೀಟೇ ತಗೊಳ್ಳಿ, ಎದುರು ಕೂತು ತಿದ್ದಿಸಿಕೊಳ್ಳದಿದ್ದರೆ ಬಲಗೈ ಪಾಠ ತಲೆಗೆ ಹೋಗುತ್ತದೆ, ಕೈಗೆ ಬರುವುದಿಲ್ಲ. ತಾಳವಾದ್ಯದವರಿಗೆ ಮತ್ತು ಪಾಠ ಹೇಳುವ ಮೇಷ್ಟ್ರುಗಳಿಗೆ 1200ರ ಸೀಟು ಸಾಕು. ನಿಮ್ಮ ಗುರುಗಳಿಗೆ ಹೇಳಿಯೇ ಹೋಗಿ, ಸಾಧ್ಯವಾದರೆ ಅವರನ್ನೂ ಒಂದು ದಿನ ಕರೆದುಕೊಂಡು ಬನ್ನಿ. ರೆಕಾರ್ಡ್ ಮಾಡಲು ಮೂವರೂ ಒಪ್ಪಿದ್ದರು, ಮೊದಲು ಕೇಳಿಕೊಳ್ಳಿ. ಒಂದು ಜೊತೆ ತಂತಿ ಜಾಸ್ತಿ ಇಟ್ಟುಕೊಳ್ಳಿ.

ಶಾಲೆಯವರಿಗೆ ಒಂದು ಕೇಳಿಕೆ. ಏಪ್ರಿಲ್ ಬಿಸಿಲಿನಲ್ಲಿ ಬೇಡ. ತಗಡಿನ ಚಾವಣಿಯ ಕೆಳಗೆ ಮಧ್ಯಾಹ್ನ ಶ್ರುತಿ ನಿಲ್ಲುವುದೇ ಇಲ್ಲ, ಗಳಿಗೆಗೊಮ್ಮೆ ಬಿರಡೆ ತಿರುಗಿಸುವುದೇ ಕೆಲಸ. ಡಿಸೆಂಬರಿನಲ್ಲಿ ಇಟ್ಟುಕೊಳ್ಳಿ, ಮತ್ತು ಹಳ್ಳಿ ಕಡೆಯಿಂದ ಬರುವ ಮಕ್ಕಳಿಗೆ ನಾಲ್ಕೈದು ಸೀಟನ್ನಾದರೂ ಪುಕ್ಕಟೆ ಕೊಡಿ. ಆ ಕಡ್ಡಿ ಬಿದ್ದ ಪಿಟೀಲಿನ ಹುಡುಗನಿಗೆ ಅವನ ಮೇಷ್ಟ್ರು ತಮ್ಮ ಜೇಬಿನಿಂದ ದುಡ್ಡು ಕಟ್ಟಿದ್ದರು.